ಇಬ್ಬರಿಗೊಂದು ಕುರ್ಚಿ

ಹತ್ತಾರು ದೇಶ ಸುತ್ತಿ, ಎಲ್ಲೂ ಕಾಲು ನಿಲ್ಲದೆ, ಕೊನೆಗೆ ನಾನು ಹೊಲಿಗೆ ಕಲಿಸಲು ಬಂದದ್ದು ನಂಜನಗೂಡು–ಟಿ. ನರಸೀಪುರ ರಸ್ತೆಯ ಒಂದು ಹಳ್ಳಿಯ ಚರ್ಚಿಗೆ. ಸಮಾಜ ಬದಲಾಯಿಸಲು ಹೊರಟವರ ಹತ್ತಿರ ಕೆಲಸಕ್ಕಿದ್ದರೆ ನಗುವುದಕ್ಕೆ ಬರವೇ ಇರುವುದಿಲ್ಲ.

೧. ಜಮಖಾನ

ಮೇಲ್ಗೇರಿ, ಕೆಳಗೇರಿಯ ಹೆಂಗಸರು ಒಟ್ಟಿಗೆ ಕೂತು ಕಲಿಯಬೇಕೆಂಬುದು ಫಾದರ್ ಆಸೆ. ಕೂರದಿದ್ದರೆ ಹೊಲಿಗೆ ಯಂತ್ರಗಳನ್ನು ಬೇರೆ ಊರಿಗೆ ಸಾಗಿಸುತ್ತೇವೆಂದು, ಅವನ್ನು ಕೊಟ್ಟ ಮೈಸೂರಿನ ಚರ್ಚಿನ ಹಿರಿಯರು ಹೇಳಿಬಿಟ್ಟಿದ್ದರು. ತಾಂಡ್ಯದ ಬಟ್ಟೆ ಫ್ಯಾಕ್ಟರಿ ಕೆಲಸದ ಕನಸು ಕಂಡ ಹುಡುಗಿಯರಿಗೆ ಅದೇ ದಿಗಿಲು.

ಫಾದರ್ ಉದ್ದನೆಯ ಜಮಖಾನ ಹಾಸಿದರು. ಕೆಳಗೇರಿಯವರು ಕೂತರು. ಮೇಲ್ಗೇರಿಗೆ ಮೇಲ್ಗೇರಿಯೇ ಗೋಡೆಗೊರಗಿ ನಿಂತಿತು.

"ಮಂಡಿ ನೋವು ಕಣ್ ಫಾದರ್ರೇ, ಕೆಳಕ್ಕೆ ಕೂರಕ್ಕಾಯ್ತಿಲ್ಲ," ಎಂದರು ಮೇಲ್ಗೇರಿಯ ಯಜಮಾನ್ತಿ.

ಮೊನ್ನೆ ಮದುವೆಯಾಗಿ ಬಂದ ಅವರ ಸೊಸೆಗೂ ಮಂಡಿ ನೋವು! ಹೊಸದಾಗಿ ಬಂದಿದ್ದ ನರ್ಸ್ ಸಿಸ್ಟರ್, ಇದು ಅಂಟುರೋಗವೇ ಇರಬೇಕೆಂದು ಗಾಬರಿಬಿದ್ದು ಇಡೀ ಮೇಲ್ಗೇರಿಯ ಮಂಡಿಗೆ ಎಣ್ಣೆ ತಿಕ್ಕಿ ಬಂದರು.

೨. ದಾರ

ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಮಂಡಿಗಳು ವಾಸಿಯಾದವು. ಆದರೆ ಮೇಲ್ಗೇರಿಯವರು ತಂತಮ್ಮ ಕುರ್ಚಿಗೆ ಗುರುತಿಗೆಂದು ಅರಿಶಿನದ ದಾರ ಕಟ್ಟಿಕೊಂಡರು. ಫಾದರ್ ಬೆಳಗಿನ ಪೂಜೆ ಮುಗಿಸಿ ಬಂದವರೇ ಎಲ್ಲ ಕುರ್ಚಿಗೂ ದಾರ ಕಟ್ಟಿಬಿಟ್ಟರು.

ಯಜಮಾನ್ತಿ ಒಂದೊಂದೇ ಕುರ್ಚಿಯನ್ನು ಮೂಸಿ ನೋಡುತ್ತಾ ಹೊರಟರು.

"ಏನಮ್ಮಾ ಹುಡುಕ್ತಿದೀರಿ?" ಎಂದೆ.

"ನನ್ ಕುರ್ಚೀಲಿ ಮಂಡಿ ಎಣ್ಣೆ ವಾಸ್ನೆ ಅದೆ ಕಣಮ್ಮೋ!"

೩. ಆಟ

ಮಹಿಳಾ ದಿನಾಚರಣೆಗೆ ನಾನು ಮ್ಯೂಸಿಕಲ್ ಚೇರ್ ಇಟ್ಟೆ. ಬಹುಮಾನ ಕುಕ್ಕರ್. ಕುಕ್ಕರ್ ಕಂಡದ್ದೇ ದಾರವೂ ಮರೆತುಹೋಯಿತು, ವಾಸನೆಯೂ ಮರೆತುಹೋಯಿತು. ಆಟದಲ್ಲಿ ತೆಗೆದ ಕುರ್ಚಿಗಳೆಲ್ಲ ಉಗ್ರಾಣ ಸೇರಿ, ಕೊನೆಗೆ ಉಳಿದದ್ದು ಒಂದೇ ಕುರ್ಚಿ. ಸುತ್ತ ಓಡುತ್ತಿದ್ದವರು ಯಜಮಾನ್ತಿ, ಮತ್ತು ಅವರ ಗದ್ದೆಯಲ್ಲೇ ನಾಟಿ ಹಾಕುವ ಕೆಳಗೇರಿಯ ಹೆಂಗಸು. ಹಾಡು ನಿಂತಿತು. ಇಬ್ಬರೂ ಒಟ್ಟಿಗೇ ಧೊಪ್ಪೆಂದು ಕೂತರು, ಅರ್ಧರ್ಧ.

"ಏಳಮ್ಮೀ, ನಾನೇ ಮೊದ್ಲು ಕೂತಿದ್ದು!"

"ನೀವೇ ಏಳಿ ಅಮ್ಮಾವ್ರೇ. ಗದ್ದೇಲಿ ಬಗ್ಗಿದ್ದು ಸಾಕಾಯ್ತು, ನಾ ಏಳಕಿಲ್ಲ."

ಎದ್ದವರು ಸೋತಂತೆ. ಭಾಷಣವಾಯಿತು, ಟೀ ಆಯಿತು, ಇಬ್ಬರೂ ಅಲುಗಲಿಲ್ಲ. ಸಂಜೆ ರಾಜಿಯಾಗಿ ಒಟ್ಟಿಗೆ ಎದ್ದರು. ಮಾರನೆಯ ದಿನ ಬಂದು ಒಟ್ಟಿಗೆ ಕೂತು ಆಟ ಮುಂದುವರಿಸಿದರು. ಪಂದ್ಯ ನೋಡಲು ಎರಡೂ ಕೇರಿ ಅದೇ ಹಳೆಯ ಜಮಖಾನದ ಮೇಲೆ ಒತ್ತೊತ್ತಾಗಿ ಕೂತಿತು. ಯಾರ ಮಂಡಿಯೂ ನೋಯಲಿಲ್ಲ.

೪. ಲಾರಿ

ಫಾದರ್ ಕಣ್ಣೊರೆಸಿಕೊಂಡು ಫೋಟೊ ತೆಗೆದು ಮೈಸೂರಿಗೆ ಕಳಿಸಿದರು. ಕೂಡಲೇ ಫೋನು ಬಂತು.

"ಯಂತ್ರ ಅಲ್ಲೇ ಇರಲಿ ಫಾದರ್. ಆದರೆ ಛೇ, ಒಂದೇ ಕುರ್ಚೀಲಿ ಇಬ್ಬರು, ಮಿಕ್ಕವರು ನೆಲದ ಮೇಲೆ! ಇಷ್ಟು ಕಷ್ಟ ಇದ್ದರೆ ಮೊದಲೇ ಹೇಳಬಾರದಾ?"

ಮರುವಾರ ಲಾರಿ ತುಂಬ ಕುರ್ಚಿ ಬಂದವು. ಫಾದರ್ ಅಷ್ಟನ್ನೂ ತಮ್ಮ ಮಲಗುವ ಕೋಣೆಗೆ ತುಂಬಿ, ಬೀಗ ಜಡಿದು, ತಾವು ವರಾಂಡಕ್ಕೆ ಚಾಪೆ ಒಯ್ದರು.

"ಕುರ್ಚಿ ಬಂದ್ವಂತಲ್ಲ?" ಯಜಮಾನ್ತಿ ಕೇಳಿದರು.

"ಎಲ್ಲಿ ಬಂದ್ವಮ್ಮಾ, ಲಾರಿ ದಾರಿ ತಪ್ಪಿ ತಲಕಾಡಿನ ಮರಳಲ್ಲಿ ಹೂತೋಯ್ತಂತೆ!" ಎಂದರು ಫಾದರ್.

ಸಿಸ್ಟರ್ ಶಿಲುಬೆ ಗುರುತು ಹಾಕಿಕೊಂಡರು. "ಫಾದರ್, ಸುಳ್ಳು ಪಾಪ ಅಲ್ವಾ?"

"ಪಾಪವೇ ಸಿಸ್ಟರ್. ಪಾಪನಿವೇದನೆ ಮಾಡ್ತೀನಿ. ಈ ಬ್ಯಾಚು ಮುಗೀಲಿ, ಎಲ್ಲಾ ಸೇರಿಸಿ ಒಂದೇ ಸಲ. ನಾಳೇನೂ ಸುಳ್ಳು ಹೇಳ್ಬೇಕಲ್ಲ!"