ದೊಡ್ಡಮ್ಮ ಚಾಕೊಲೇಟ್ ಕೇಳಲು ಹೊರಟಿದ್ದು

ನಮ್ಮ ದೊಡ್ಡಮ್ಮನಿಗೆ ವಯಸ್ಸಾಗಿದೆ ಎಂಬುದು ಗೊತ್ತಿರುವುದು ಅವರ ಮಂಡಿಗಳಿಗೆ ಮಾತ್ರ. ದೊಡ್ಡಮ್ಮನಿಗೆ ಆ ಸುದ್ದಿ ಇನ್ನೂ ತಲುಪಿಲ್ಲ!

ಮೈಸೂರಿನಲ್ಲಿ ಡಾಕ್ಟರಿಕೆ ಓದುವ ಹುಡುಗರಿಗೆ ಅನಾಟಮಿ ಪಾಠ ಮಾಡಿ ರಿಟೈರ್ ಆದ ಅವರು ಈಗ ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಮಗನ ಜೊತೆ ಇದ್ದಾರೆ. ಬಂದ ವರ್ಷವೇ ಹ್ಯಾಲೋವೀನಿಗೆ, ಅಂದರೆ ಮಕ್ಕಳು ದೆವ್ವ-ಭೂತಗಳ ವೇಷ ಹಾಕಿ ಮನೆಮನೆಗೂ ಚಾಕೊಲೇಟ್ ಕೇಳಲು ಬರುವ ಅಕ್ಟೋಬರ್ ಕೊನೆಯ ಹಬ್ಬಕ್ಕೆ, ಎದುರುಮನೆಯವರು ಅಂಗಳದಲ್ಲೊಂದು ಪ್ಲಾಸ್ಟಿಕ್ ಅಸ್ಥಿಪಂಜರ ನೇತುಹಾಕಿದ್ದರು. ನಾವಾದರೆ ಫೋಟೊ ತೆಗೆದು ಮುಂದೆ ಹೋಗುತ್ತೇವೆ. ದೊಡ್ಡಮ್ಮ ಗೇಟು ತೆಗೆದು ಒಳಗೆ ಹೋದರು. ಮನೆಯಾತ ಹೊರಗೆ ಬಂದಾಗ ಅದರ ಎರಡೂ ಕಾಲು ಇವರ ಕೈಯಲ್ಲಿದ್ದವು.

"ಎಡಗಾಲನ್ನು ಬಲಕ್ಕೆ ಸಿಗಿಸಿದ್ದೀರಿ. ಹೀಗಾದರೆ ಇವನು ನಡೆಯೋದು ಹೇಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ.

ಸತ್ತವನು ಯಾಕೆ ನಡೆಯಬೇಕು ಎಂದು ಕೇಳುವ ಧೈರ್ಯ ಆತನಿಗೆ ಬರಲಿಲ್ಲ. ಪಾಠ ಪೂರ್ತಿ ಕೇಳಿಸಿಕೊಂಡು, ಕೊನೆಗೆ ಒಂದು ಹಿಡಿ ಚಾಕೊಲೇಟ್ ಕೊಟ್ಟ. "ಇಷ್ಟು ವರ್ಷ ಕಲಿಸಿದೆ, ಯಾವ ಸ್ಟೂಡೆಂಟೂ ಚಾಕೊಲೇಟ್ ಕೊಟ್ಟಿರಲಿಲ್ಲ ಕಣೇ" ಎಂದು ನನಗೆ ಫೋನ್ ಬಂತು.

ಹೋದ ಅಕ್ಟೋಬರಿನಲ್ಲಿ ಅವರು ಸಿಡ್ನಿಗೆ, ರೌಸ್ ಹಿಲ್‌ನ ನಮ್ಮ ಮನೆಗೆ ಬಂದರು. ಆಗ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಚರ್ಚೆ. ಮೀಸೆ ಮೂಡಿದ ಹುಡುಗರು ವೇಷವನ್ನೂ ಹಾಕದೆ ಬಂದು ಚಾಕೊಲೇಟ್ ಬಾಚಿಕೊಂಡು ಹೋಗುತ್ತಾರೆ, ವಯಸ್ಸಿನ ಮಿತಿ ಬೇಡವೇ? ಬೇಕು ಅಂದವರಲ್ಲಿ ನನ್ನ ಗಂಡ ಮೊದಲಿಗರು. ಚಾಟ್ಸ್‌ವುಡ್ ಆಫೀಸಿನ ಶಿಸ್ತನ್ನು ಮನೆಗೂ ತರುವ ಮನುಷ್ಯ. 'ಹನ್ನೆರಡು ವರ್ಷದವರೆಗೆ ಮಾತ್ರ' ಎಂದು ಬಾಗಿಲಿಗೆ ಬೋರ್ಡ್ ಅಂಟಿಸಿಯೇಬಿಟ್ಟರು.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಓದಿದರು. "ಅಳಿಯಂದಿರೇ, ಹದಿಮೂರಕ್ಕೆ ಮಗೂಗೆ ಏನಾಗುತ್ತೆ?"

"ದೊಡ್ಡೋರಾಗ್ತಾರೆ, ದೊಡ್ಡಮ್ಮ."

"ಯಾವ ಭಾಗ ಮೊದಲು?"

ನನ್ನ ಗಂಡ ಕಾಮರ್ಸ್ ಓದಿದವರು. ಬೋರ್ಡಿಗೆ ಇನ್ನೊಂದು ಟೇಪ್ ಅಂಟಿಸಿದರು.

ಹ್ಯಾಲೋವೀನ್ ಸಂಜೆ ನೋಡಿದರೆ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು, ಸ್ಪೋರ್ಟ್ಸ್ ಶೂ ಹಾಕಿ, ಬಟ್ಟೆ ಚೀಲ ಹಿಡಿದು ನಿಂತಿದ್ದಾರೆ. "ಬೇರೆ ದಿನ ಸುಮ್ಮನೆ ಬೆಲ್ ಒತ್ತಿದರೆ ಜನ ಏನಂದುಕೊಳ್ಳಲ್ಲ? ಇವತ್ತೊಂದಿನ ಎಲ್ಲರೂ ತಾವಾಗೇ ಬಾಗಿಲು ತೆಗೀತಾರೆ. ಒಳಗೆ ಯಾರ್‍ಯಾರಿದ್ದಾರೆ ಅಂತ ನೋಡಬೇಡವೇನೇ?"

"ಅಜ್ಜಿ, ಯು ನೀಡ್ ಎ ಕಾಸ್ಟ್ಯೂಮ್" ಎಂದು ನನ್ನ ಮಗಳು ತಡೆದಳು. ಯಾರು ಕೇಳಬೇಕು? ಮೊದಲ ಮನೆಯಾಕೆ ಸೀರೆ ನೋಡಿ ಬೆರಗಾಗಿ, "ವೇಷ ತುಂಬಾ ಚೆನ್ನಾಗಿದೆ, ಯಾರು ನೀವು?" ಎಂದಳಂತೆ. "ಅಜ್ಜಿ" ಎಂದರಂತೆ ದೊಡ್ಡಮ್ಮ.

ಬಿಸಿಲು ಇಳಿಯುವ ಮೊದಲೇ ಒಂದು ಸುತ್ತು ಮುಗಿಸಿ ಬಂದರು. ಆಗ ನಮ್ಮ ಬಾಗಿಲಲ್ಲಿ ಜೇನುನೊಣದ ವೇಷದವನೊಬ್ಬ ಚೀಲ ಚಾಚಿ ನಿಂತಿದ್ದ. ಆರಡಿ ಎತ್ತರ, ಬೆನ್ನಿಗೆ ರೆಕ್ಕೆ, ಮೂವತ್ತು ದಾಟಿದ ಮುಖ. ನನ್ನ ಗಂಡ ಬೋರ್ಡ್ ತೋರಿಸಿ, "ಸಾರಿ, ಇದು ಮಕ್ಕಳಿಗೆ" ಎಂದರು. ಅವನು ನಗುತ್ತಲೇ ಇದ್ದ. ಚೀಲವನ್ನು ಇನ್ನಷ್ಟು ಮುಂದೆ ಚಾಚಿದ.

ಅವನ ಇನ್ನೊಂದು ಕೈ ಹಿಡಿದಿದ್ದ ನರೆಗೂದಲ ಹೆಂಗಸು ಮೆಲ್ಲಗೆ ಹೇಳಿದರು: "ನನ್ನ ಮಗ. ಮನಸ್ಸು ಇನ್ನೂ ಮಗುವಿನದೇ. ವರ್ಷವೆಲ್ಲ ಈ ದಿನಕ್ಕೆ ಕಾಯ್ತಾನೆ. ಬೋರ್ಡ್ ನೋಡಲಿಲ್ಲ, ಕ್ಷಮಿಸಿ." ಅವನನ್ನು ತಿರುಗಿಸಿಕೊಂಡು ಹೊರಡಲು ನೋಡಿದರು.

ತಿರುಗಿದರೆ ಹಿಂದೆ ದೊಡ್ಡಮ್ಮ, ಚೀಲ ಬಿಚ್ಚಿ ಹಿಡಿದು ಸಾಲಿನಲ್ಲಿ ನಿಂತಿದ್ದರು. "ಇವರದಾಗಲಿ, ಆಮೇಲೆ ನನ್ನ ಸರದಿ" ಎಂದರು.

ನನ್ನ ಗಂಡನ ಮುಖ ನಾಚಿಕೆಯಿಂದ ಕೆಂಪಾಯಿತು. ಬೋರ್ಡ್ ಕಿತ್ತು ಜೇಬಿಗೆ ತುರುಕಿಕೊಂಡರು. ಚಾಕೊಲೇಟಿನ ಇಡೀ ಬುಟ್ಟಿಯನ್ನೇ ಎತ್ತಿ ಅವನ ಮುಂದೆ ಹಿಡಿದರು. ಅವನು ತುಂಬ ಹೊತ್ತು ಆರಿಸಿ ಒಂದೇ ಒಂದು ತೆಗೆದುಕೊಂಡ. ದೊಡ್ಡಮ್ಮನ ಚೀಲದೊಳಗೆ ಇಣುಕಿ ನೋಡಿದ. ತನ್ನದನ್ನು ಅದರಲ್ಲಿ ಹಾಕಿದ.

"ಮುಂದಿನ ಮನೆಗೆ ನಾನೂ ಬರಲಾ?" ಎಂದು ದೊಡ್ಡಮ್ಮ ಅವನನ್ನೇ ಕೇಳಿದರು.

ರಸ್ತೆ ಅಂಚಿಗೆ ಬಂದಾಗ ಅವನು ತಾಯಿಯ ಕೈ ಬಿಟ್ಟು ದೊಡ್ಡಮ್ಮನ ಕೈ ಹಿಡಿದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ. ದೊಡ್ಡಮ್ಮನ ನಡಿಗೆಗೆ ತಕ್ಕಂತೆ ನಿಧಾನವಾಗಿ ದಾಟಿಸಿದ. ಅವರ ಹಿಂದೆ ಆ ತಾಯಿ, ಎರಡೂ ಕೈ ಬೀಸಿಕೊಂಡು ನಡೆದರು.