ದೊಡ್ಡತ್ತೆ ಸಮುದ್ರದ ಕೋಟೆಗೆ ಹೋದದ್ದು

ನಮ್ಮ ದೊಡ್ಡತ್ತೆಯಷ್ಟು ಊರು ಸುತ್ತಿದವರು ತೆರಕಣಾಂಬಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವರಷ್ಟು ಏನನ್ನೂ ನೋಡದವರೂ ಇನ್ನೊಬ್ಬರಿರಲಿಲ್ಲ!

ಅದು ಹೇಗೆ ಎನ್ನುತ್ತೀರಾ? ದೊಡ್ಡತ್ತೆ ಎಂದರೆ ನಮ್ಮ ಯಜಮಾನರ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರು ಸೇರಿದವರು. ನೆಂಟರಲ್ಲಿ ಯಾರ ವ್ಯಾನು ಎಲ್ಲಿಗೆ ಹೊರಟರೂ ಕಿಟಕಿ ಪಕ್ಕದ ಸೀಟಿನಲ್ಲಿ ಅವರು ಆಗಲೇ ಕೂತಿರುತ್ತಿದ್ದರು. ಆದರೆ ಜಾಗ ತಲುಪಿದ ಮೇಲೆ ಒಳಗೆ ಬರುತ್ತಿರಲಿಲ್ಲ. ‘ನೀವು ಓಗಿ ನೋಡ್ಕಬನ್ನಿ, ಚಪ್ಲಿ ನಾನು ಕಾಯ್ತೀನಿ’ ಎಂದು ಬಾಗಿಲಲ್ಲೇ ಕೂತುಬಿಡುತ್ತಿದ್ದರು.

ಸುಮ್ಮನೆ ಕೂರುವುದೇ? ದೊಡ್ಡವು ಹಿಂದೆ, ಚಿಕ್ಕವು ಮುಂದೆ, ಬಾರು ಕಿತ್ತದ್ದು ಕೊನೆಗೆ. ನಮ್ಮ ಕಾನ್ವೆಂಟಿನ ಪ್ರಾರ್ಥನೆಯ ಸಾಲು ಕೂಡ ಅಷ್ಟು ನೇರವಾಗಿ ನಿಲ್ಲುತ್ತಿರಲಿಲ್ಲ! ಮೈಸೂರು ಅರಮನೆಯಲ್ಲಿ ಚಪ್ಪಲಿಗೆ ಟೋಕನ್ ಕೊಡುತ್ತಾರೆ, ಇಟ್ಟು ಬನ್ನಿ ಎಂದು ಬೇಡಿಕೊಂಡೆ. ‘ಚಪ್ಲಿ ಇಸ್ಕಂಡೋನು ಓಡೋದ್ರೆ ಟೋಕನ್ ಮೆಟ್ಕೊಂಡು ಬತ್ತೀಯಾ?’ ಎಂದರು. ಗೋಪಾಲಸ್ವಾಮಿ ಬೆಟ್ಟದಲ್ಲಿ ಯಾರೋ ಪುಣ್ಯಾತ್ಮ ಮಂಜಿನಲ್ಲಿ ಇವರನ್ನು ಚಪ್ಪಲಿ ಕಾಯುವ ಕೆಲಸದವರೆಂದುಕೊಂಡು ಬೂಟು ಬಿಟ್ಟು ನಾಣ್ಯ ಹಾಕಿ ಒಳಗೆ ಹೋದ. ದೊಡ್ಡತ್ತೆ ಅದನ್ನು ಅವನ ಬೂಟಿನೊಳಗೇ ಹಾಕಿಟ್ಟರು. ಆತ ಕುಂಟುತ್ತಲೇ ಬೆಟ್ಟ ಇಳಿದಿರಬೇಕು!

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ ನಾವು ಮೆಟಡೋರ್ ಮಾಡಿಕೊಂಡು ಕಣ್ಣೂರಿನ ಸಮುದ್ರದ ಕೋಟೆ ನೋಡಲು ಹೊರಟೆವು. ದೊಡ್ಡತ್ತೆಗೆ ಆಗಲೇ ಮಂಡಿನೋವು. ಇನ್ನೊಂದು ಪ್ರಯಾಣ ಮಾಡುತ್ತಾರೋ ಇಲ್ಲವೋ! ಸಮುದ್ರ ನೋಡಿ ಬಂದವರು ಸಿಕ್ಕಿದರೆ ಮಾತ್ರ ಬಿಡುತ್ತಿರಲಿಲ್ಲ. ‘ಅಷ್ಟೊಂದು ನೀರು ಒಂದೇ ಕಡೆ ಹೆಂಗೆ ನಿಂತದೆ?’ ಎಂದು ಮಗುವಿನ ಹಾಗೆ ಕೇಳುತ್ತಿದ್ದರು. ಈ ಸಲವಾದರೂ ಅವರಿಗೆ ಸಮುದ್ರ ತೋರಿಸಲೇಬೇಕೆಂದು ನಾನು ಮನಸ್ಸಿನಲ್ಲೇ ಹಟ ಹಿಡಿದಿದ್ದೆ.

ಕೋಟೆಯ ಬಾಗಿಲಿಗೆ ಬಂದೆವು. ಕೆಂಪು ಕಲ್ಲಿನ ಗೋಡೆ, ಕಲ್ಲಿನ ಸಂದಿಯಲ್ಲೆಲ್ಲ ಪುಟ್ಟ ಪುಟ್ಟ ಜರಿಗಿಡ. ದೊಡ್ಡತ್ತೆ ಸೆರಗು ಸುತ್ತಿ ಕೂರಲು ಜಾಗ ಹುಡುಕಿದರು.

‘ಇಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ ಅತ್ತೆ. ಹಾಕಿಕೊಂಡೇ ಓಡಾಡಬಹುದು’ ಎಂದೆ.

ಕೆಲಸದಿಂದ ತೆಗೆದುಹಾಕಿದವರ ಹಾಗೆ ಅವರ ಮುಖ ಸಪ್ಪಗಾಯಿತು! ‘ರಾಜ ಇದ್ದ ಜಾಗಕ್ಕೆ ಚಪ್ಲಿ ಮೆಟ್ಕೊಂಡು ಓಯ್ತಾರಾ? ಇದ್ಯಾವ ಸೀಮೆ ಕ್ವಾಟೆ?’ ಎಂದು ಗೊಣಗಿದರು. ತಕ್ಷಣ ಹೊಸ ಕೆಲಸ ಹೊಳೆಯಿತು. ‘ಬುತ್ತಿ ಕಾಯ್ಬೇಕಲ್ಲ!’

‘ವ್ಯಾನಲ್ಲಿ ಇಡಿ ಕಣವ್ವ, ನಾನಿವ್ನಿ ತಾನೆ’ ಎಂದ ಹಂಗಳ ಊರಿನ ನಮ್ಮ ಡ್ರೈವರ್.

‘ನೀನಿರೋದ್ಕೇ ಕಾಯ್ಬೇಕು ಕಣ್ಲಾ!’

ಬುತ್ತಿ ಬುಟ್ಟಿಯೊಂದಿಗೆ ಅವರು ಕೋಟೆಯೊಳಗಿನ ಹುಲ್ಲುಹಾಸಿನವರೆಗೆ ಬಂದು, ಒಂದು ದೊಡ್ಡ ಮರದ ಕೆಳಗೆ ಬೇರೂರಿದರು. ಅಲ್ಲಿಂದ ಸಮುದ್ರದ ಸದ್ದು ಕೇಳುತ್ತದೆ, ಸಮುದ್ರ ಕಾಣುವುದಿಲ್ಲ. ಗೋಡೆ ಅಡ್ಡ! ನಮ್ಮ ಯಜಮಾನರೂ ಮಗಳೂ ಗೋಡೆಯ ಮೇಲಕ್ಕೆ ಓಡಿದರು. ನಾನು ಅಲ್ಲೇ ಕೂತೆ.

ಅಷ್ಟರಲ್ಲಿ ಬಿಳಿ ಸೀರೆಯ ಒಬ್ಬ ಮಲಯಾಳಿ ಅಜ್ಜಿ ಬಂದು, ದೊಡ್ಡತ್ತೆಯ ಮುಖ ನೋಡಿ ಅದೇನು ಕಂಡರೋ, ಕೊಡೆಯನ್ನೂ ಕೈಚೀಲವನ್ನೂ ಅವರ ಪಕ್ಕದಲ್ಲಿಟ್ಟು ಮೇಲೆ ಹೋದರು. ದೊಡ್ಡತ್ತೆ ಕೊಡೆಯನ್ನು ಚೀಲಕ್ಕೆ ಸಮನಾಗಿ ಜೋಡಿಸಿ, ಕೋಟೆಯ ಸೇನಾಪತಿಯಂತೆ ನೆಟ್ಟಗೆ ಕೂತರು.

ಅಜ್ಜಿ ಇಳಿದು ಬಂದವರು ಚೀಲ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, ನಮ್ಮ ಬುತ್ತಿ ಬುಟ್ಟಿಯನ್ನೇ ಮಡಿಲಿಗೆ ಎಳೆದುಕೊಂಡು, ‘ಞಾನ್ ನೋಕ್ಕಾಂ. ಪೋಯಿ ಕಂಡಿಟ್ಟು ವಾ’ ಎಂದು ಮೇಲಕ್ಕೆ ಕೈ ತೋರಿಸಿದರು. ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ನೋಡಿ ಬನ್ನಿ ಎಂದು.

ದೊಡ್ಡತ್ತೆ ಬುಟ್ಟಿಯ ಕಡೆ ನೋಡಿದರು, ಅಜ್ಜಿಯ ಕಡೆ ನೋಡಿದರು. ‘ಕೂತಿರೋ ಗತ್ತು ನೋಡು ಕಣಮ್ಮಿ! ಕಾಯೋದು ಗೊತ್ತಿರೋಳು’ ಎಂದು ಎದ್ದೇಬಿಟ್ಟರು. ಅರಮನೆಯ ಟೋಕನ್ನಿಗೆ ಸಿಗದ ನಂಬಿಕೆ, ಭಾಷೆಯೇ ಬಾರದ ಒಬ್ಬ ಮುದುಕಿಗೆ ಸಿಕ್ಕಿತ್ತು!

ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ನಿಂತರು. ನಾನು ತಡೆಯಲಾರದೆ ಕೇಳಿದೆ. ‘ಇಷ್ಟು ವರ್ಷ ಯಾಕತ್ತೆ ಎಲ್ಲಿಗೂ ಒಳಗೆ ಬರಲಿಲ್ಲ?’

‘ನಮ್ಮನೇವ್ರು ತೀರ್ಕಂಡ ವರ್ಷ ಒಂದು ಮದ್ವೆಗೆ ಓಗಿದ್ದೆ ಕಣಮ್ಮಿ. ದೇವಸ್ಥಾನದ ಬಾಗ್ಲಲ್ಲಿ, ಶುಭಕಾರ್ಯ, ನೀನು ಮುಂದುಕ್ಕೆ ಬರಬ್ಯಾಡ ಅಂದ್ರು. ಸುಮ್ನೆ ನಿಂತ್ಕಂಡ್ರೆ ನೋಡ್ದೋರು ಅಯ್ಯೋ ಪಾಪ ಅಂತಾರೆ. ಚಪ್ಲಿ ಕಾಯ್ತಾ ಕೂತ್ರೆ, ಏನೋ ಕೆಲ್ಸದ ಮ್ಯಾಲೆ ಕೂತವ್ಳೆ ಅಂತಾರೆ. ಅದೇ ವಾಸಿ ಅನ್ನುಸ್ತು. ಅಂಗೇ ಅಭ್ಯಾಸ ಆಗೋಯ್ತು.’

ಅವರ ಕೈ ಹಿಡಿದುಕೊಂಡು ಉಳಿದ ಮೆಟ್ಟಿಲು ಹತ್ತಿದೆ.

ಮೇಲೆ ಗೋಡೆಯಂಚಿಗೆ ಜನವೋ ಜನ. ಅವರ ಭುಜಗಳ ಸಂದಿಯಲ್ಲಿ ನೀಲಿಯ ಒಂದು ಚೂರು ಮಾತ್ರ ಕಾಣುತ್ತಿತ್ತು. ಅಭ್ಯಾಸಬಲದಿಂದ ದೊಡ್ಡತ್ತೆ ಎಲ್ಲರ ಹಿಂದೆ ನಿಂತರು. ಗಾಳಿಗೆ ತಲೆಯ ಮೇಲಿನ ಸೆರಗು ಜಾರಿತು. ಎಳೆದುಕೊಳ್ಳಲಿಲ್ಲ. ನನ್ನ ಕೈ ಬಿಡಿಸಿಕೊಂಡರು. ಆಮೇಲೆ ಕೋಟೆಗೆ ಕೋಟೆಯೇ ತಿರುಗಿ ನೋಡುವ ಹಾಗೆ ಅವರ ದನಿ ಕೇಳಿಸಿತು.

‘ಜರುಗ್ರಪ್ಪಾ, ಒಸಿ ದಾರಿ ಬುಡಿ! ನಾನು ಮುಂದುಕ್ಕೆ ಓಗ್ಬೇಕು!’