ಒಂದೇ ಒಂದು ಬೋರ್ಡು

"ಊರು ಬಿಡೋ ವಿಷಯ ನನಗಾದರೂ ಒಂದು ಮಾತು ಹೇಳಬಾರದಿತ್ತಾ, ಎಲ್ಡನ್?" ಎಂದಳು ಎದುರುಮನೆಯ ಡಾಟ್ ವೆಲ್ಟರ್.

ಶನಿವಾರ ಬೆಳಿಗ್ಗೆ ಎಂಟೂವರೆ. ಎಲ್ಡನ್ ಕ್ರೌಸ್ ಒಂದು ಕಾಲುಚೀಲ ಕಾಲಿಗೆ, ಇನ್ನೊಂದು ಕೈಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದದ್ದು ತೂತು ಎಲ್ಲಿದೆ ಎಂದು ನೋಡುವುದಕ್ಕೆ. ತಾನು ಊರು ಬಿಡುತ್ತಿರುವ ಸಂಗತಿ ಅವನಿಗೂ ಈಗಷ್ಟೇ ಗೊತ್ತಾದದ್ದು. ಡಾಟ್ ಈ ಬಾಗಿಲು ತಟ್ಟಿ ಎರಡು ವರ್ಷವಾಗಿತ್ತು. ಹೆಂಡತಿ ಮಾರ್ಲಿಸ್ ತೀರಿಕೊಂಡ ವಾರ ಬಂದವಳು, ಮತ್ತೆ ಬಂದದ್ದು ಇವತ್ತೇ. ಕೈಯಲ್ಲಿ ನೂಡಲ್ಸ್ ಮತ್ತು ಮೀನು ಹಾಕಿ ಬೇಯಿಸಿದ ಬಿಸಿ ಅಡುಗೆ.

ಅವಳ ಹೆಗಲಾಚೆ ಕಣ್ಣು ಹಾಯಿಸಿದ. ತನ್ನ ಮನೆಯ ಮುಂದಿನ ಹುಲ್ಲಿನಲ್ಲಿ, ಹೊಸ ಹಲ್ಲು ಕಟ್ಟಿಸಿಕೊಂಡವರ ಹಾಗೆ ಬೆಳ್ಳಗೆ ನಗುತ್ತ, ಒಂದು ಬೋರ್ಡು ನಿಂತಿತ್ತು: ಮನೆ ಮಾರಾಟಕ್ಕಿದೆ.

ಓಹೋ ಎಂದುಕೊಂಡ ಎಲ್ಡನ್. ಅವನ ಪಕ್ಕದ ಮನೆ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಕೋಚ್ ರಸ್ ಟೆಲ್ಫರ್‌ನದು. ಓಹಿಯೋದ ಆ ಸೀಮೆಯಲ್ಲಿ ತಂಡ ಕೆಟ್ಟದಾಗಿ ಸೋತರೆ ಅಭಿಮಾನಿಗಳು ಎಲ್ಲೆಲ್ಲಿಂದಲೋ 'ಮಾರಾಟಕ್ಕಿದೆ' ಬೋರ್ಡು ಕಿತ್ತು ತಂದು ಕೋಚ್‌ನ ಅಂಗಳದಲ್ಲಿ ನೆಡುತ್ತಾರೆ; ಗಂಟುಮೂಟೆ ಕಟ್ಟು ಮಾರಾಯ ಎಂದು ಬಾಯಿಬಿಟ್ಟು ಹೇಳುವ ಶ್ರಮ ತಪ್ಪುತ್ತದೆ. ನಿನ್ನೆ, ಸೋತವರು ಮನೆಗೆ ಹೋಗುವ ಪ್ಲೇಆಫ್ ಪಂದ್ಯದಲ್ಲಿ ಊರಿನ ತಂಡ ಸೋತಿತ್ತು. ಕೋಚ್‌ನ ಅಂಗಳದಲ್ಲಿ ಆರು ಬೋರ್ಡು ಇದ್ದವು. ಏಳನೆಯದು ತಂದವನು ಬೇಲಿ ತಪ್ಪಿದ್ದಾನೆ, ಅಷ್ಟೆ. ಎರಡೂ ಬೂದುಬಣ್ಣದ ಮನೆ, ಎರಡಕ್ಕೂ ಒಂದೇ ಥರದ ಜಗುಲಿ.

ಆದರೆ ಬೀದಿಯವರ ಲೆಕ್ಕಾಚಾರ ಬೇರೆ. ಆರು ಬೋರ್ಡು ನೆಟ್ಟ ಮನೆ ಮಾರಾಟಕ್ಕಿಲ್ಲ ಎಂದು ಮಕ್ಕಳಿಗೂ ಗೊತ್ತು. ಒಂದೇ ಒಂದು ಬೋರ್ಡು, ಅದೂ ನೆಟ್ಟಗೆ ನಿಂತಿದ್ದರೆ, ಅದು ನಿಜ.

ಅಯ್ಯೋ, ಇದು ಹುಡುಗಾಟ ಕಣೇ ಎನ್ನಲು ಎಲ್ಡನ್ ಬಾಯಿ ತೆರೆದ. ಅಷ್ಟರಲ್ಲಿ ಡಾಟ್, "ನೀನಿಲ್ಲದೆ ಈ ಬೀದಿ ಬೀದಿ ಥರಾನೇ ಇರಲ್ಲ," ಎಂದಳು.

ಎಲ್ಡನ್ ಬಾಯಿ ಮುಚ್ಚಿದ. ಇಪ್ಪತ್ತೊಂಬತ್ತು ವರ್ಷ ಊರಿನ ನೀರಿನ ಮೀಟರ್ ಓದಿದವನು ಅವನು. ಯಾರ ನೆಲಮಾಳಿಗೆಯಲ್ಲಿ ಇಲಿ ಇದೆ, ಯಾರ ನಲ್ಲಿ ಸೋರುತ್ತದೆ, ಎಲ್ಲ ಬಲ್ಲ. ಅವನು ಇದ್ದಾನೋ ಇಲ್ಲವೋ ಎನ್ನುವುದು ಮಾತ್ರ ಇವತ್ತಿನವರೆಗೂ ಯಾರಿಗೂ ಬೇಕಾಗಿರಲಿಲ್ಲ.

"ಒಳಗೆ ಬಾ, ಕಾಫಿ ಮಾಡ್ತೀನಿ," ಎಂದ.

ಡಾಟ್ ಒಂದು ಗಂಟೆ ಕೂತಳು. ನಿನ್ನೆಯ ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ಹಿಂಡಿ ಹಿಪ್ಪೆ ಮಾಡಿದಳು. ನಮ್ಮವರು ಹದಿನೇಳು, ಅವರು ಇಪ್ಪತ್ತು. ನಾಲ್ಕು ನಿಮಿಷ ಬಾಕಿ. ನಾಲ್ಕನೇ ಯತ್ನ, ಅದೇ ಕೊನೆಯದು; ತಪ್ಪಿದರೆ ಚೆಂಡು ಇದ್ದ ಜಾಗದಲ್ಲೇ ಅವರ ಕೈಗೆ. ಅದೂ ಮೈದಾನದ ನಮ್ಮ ತುದಿಗೇ ಹತ್ತಿರ. ಬುದ್ಧಿ ಇದ್ದವರು ಅಲ್ಲಿ ಚೆಂಡನ್ನು ಆದಷ್ಟು ದೂರ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ. ಟೆಲ್ಫರ್ ಏನು ಮಾಡಿಸಿದ? ಒದೆಯುವ ಹುಡುಗ ಒದೆಯುವ ಹಾಗೆ ನಟಿಸಿ ಚೆಂಡನ್ನು ಎಸೆದ. ಯಾರಿಗೆ? ಹಾಸ್ಕಿನ್ಸರ ಹುಡುಗನಿಗೆ, ಹುಟ್ಟಿದಾರಭ್ಯ ಎದುರಿಗೆ ಬಂದವರನ್ನು ತಳ್ಳುವುದು ಬಿಟ್ಟು ಬೇರೇನೂ ಮಾಡದ, ಫ್ರಿಜ್‌ನಂಥ ಹುಡುಗ. ಚೆಂಡು ಅವನ ಎದೆಗೆ ಬಡಿದು ಕೆಳಗೆ ಬಿತ್ತು. ಎದುರಾಳಿಗಳು ಅಲ್ಲಿಂದಲೇ ಆಡಿ ಪಂದ್ಯ ಮುಗಿಸಿದರು.

"ಒದ್ದಿದ್ದರೆ ಗೆಲ್ತಿದ್ವಿ," ಎಂದು ಎದ್ದ ಡಾಟ್, ಬಾಗಿಲ ಹತ್ತಿರ ಹೋಗಿ ಮೆತ್ತಗೆ ಕೇಳಿದಳು: "ಹೇಗೂ ಹೋಗ್ತೀಯಲ್ಲ. ಮಾರ್ಲಿಸ್ ಸೀಟು ಏನು ಮಾಡ್ತೀಯ?"

ಸ್ಟೇಡಿಯಂನ ನಟ್ಟನಡುವೆ ಹದಿನಾಲ್ಕು, ಹದಿನೈದು. ಎಲ್ಡನ್‌ನ ಅಪ್ಪನ ಕಾಲದಿಂದ ಬಂದ ಸೀಟುಗಳು. ಊರಿನಲ್ಲಿ ಅಂಥ ಸೀಟು ಸಿಗಬೇಕಾದರೆ ಯಾರಾದರೂ ಸಾಯಬೇಕು, ಇಲ್ಲವೇ ಊರು ಬಿಡಬೇಕು. ಹದಿನೈದರ ಮೇಲೆ ಎಲ್ಡನ್ ಈಗಲೂ ಪ್ರತಿ ಪಂದ್ಯಕ್ಕೂ ಮಾರ್ಲಿಸ್‌ಳ ಕೆಂಪು ದಿಂಬು ಇಡುತ್ತಿದ್ದ. ಆಟದ ನಡುವೆ ಒಂದೆರಡು ಮಾತು ಅದಕ್ಕೆ ಹೇಳುತ್ತಲೂ ಇದ್ದ, ಜೋರಾಗಿ ಅಲ್ಲ.

"ಇನ್ನೂ ಯೋಚಿಸಿಲ್ಲ," ಎಂದ. ಡಾಟ್ ಹೋದಳು. ಪಾಪ, ಮಾರ್ಲಿಸ್ ನೆನಪಾಗಿ ಕೇಳಿದಳು ಎಂದುಕೊಂಡ.

ಮಧ್ಯಾಹ್ನದೊಳಗೆ ಇನ್ನೂ ನಾಲ್ವರು ಬಂದರು. ಒಬ್ಬರು ಕುಂಬಳಕಾಯಿ ಪೈ ತಂದರು, ಒಬ್ಬರು ಬರೀ ಅಪ್ಪುಗೆ. ಎಲ್ಲರೂ ಅವನ ಆರೋಗ್ಯದಿಂದ ಶುರುಮಾಡಿ, ಟೆಲ್ಫರ್‌ನ ಬುದ್ಧಿಯ ಮೇಲೆ ಹಾದು, ಸೀಟಿನ ಹತ್ತಿರ ಬಂದು ನಿಲ್ಲುತ್ತಿದ್ದರು, ಒಂದೇ ದಾರಿಯ ಬಸ್ಸಿನ ಹಾಗೆ. ಎಲ್ಡನ್‌ಗೆ ಅದು ಕಾಣಿಸಲಿಲ್ಲ ಎಂದೇನಲ್ಲ. ಆದರೆ ಕೊನೆಯ ನಿಲ್ದಾಣ ಯಾವುದಾದರೇನು, ಬಸ್ಸಿನಲ್ಲಿ ಜನ ಇದ್ದರು.

ಮಧ್ಯಾಹ್ನ ಮೂಲೆಯ ಕೆಫೆಗೆ ಹೋದ. ಅಲ್ಲಿ ಕಿಟಕಿಯ ಪಕ್ಕ ಒಂದು ದುಂಡುಮೇಜು. ಶನಿವಾರ ಊರಿನ ಗಂಡಸರೆಲ್ಲ ಅಲ್ಲಿ. ಎಲ್ಡನ್ ಯಾವಾಗಲೂ ಕೌಂಟರ್‌ನ ಒಂಟಿ ಸ್ಟೂಲಿನವನು. ಇವತ್ತು ಹಾರ್ಡ್‌ವೇರ್ ಅಂಗಡಿಯ ಮರ್ಲ್ ಯೋಡರ್ ಎದ್ದು ಕುರ್ಚಿ ಎಳೆದ. ಸ್ಟೇಡಿಯಂ ಸೀಟುಗಳ ಪಟ್ಟಿ ಇಟ್ಟುಕೊಂಡ ಅಭಿಮಾನಿ ಸಂಘಕ್ಕೆ ಅವನೇ ಅಧ್ಯಕ್ಷ.

"ಬಾರಯ್ಯ ಇಲ್ಲಿ. ಹೋಗೋನು ನೀನು, ನಿನಗೆ ಯಾರ ಮುಲಾಜೂ ಇಲ್ಲ. ನೀನೇ ಹೇಳು, ಒದೀಬೇಕಿತ್ತೋ ಬೇಡವೋ?"

ಎಂಟು ಮುಖ ಎಲ್ಡನ್‌ನ ಕಡೆ ತಿರುಗಿದವು. ಒದೆಯಬೇಕಿತ್ತು ಎಂದು ಆರು ಜನ. ಒದ್ದಿದ್ದರೆ ಚೆಂಡು ಮತ್ತೆ ನಮ್ಮ ಕೈಗೆ ಬರುತ್ತಲೇ ಇರಲಿಲ್ಲ, ರಾತ್ರಿಯಿಡೀ ಅವರು ನಮ್ಮನ್ನು ತುಳಿದುಕೊಂಡೇ ಓಡಿದ್ದರಲ್ಲ ಎಂದು ಇಬ್ಬರು. ಎಲ್ಡನ್ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಕೆಚಪ್ ಬಾಟಲಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಬಾಟಲಿಯನ್ನು ಮಾತ್ರ ಎತ್ತಿ ದೂರದ ಅಂಚಿಗೆ ಇಟ್ಟ.

"ಇವನು ಹಾಸ್ಕಿನ್ಸ್. ನನ್ನ ಸೀಟಿನಿಂದ ಚೆನ್ನಾಗಿ ಕಾಣ್ತಿತ್ತು. ಸುತ್ತ ಇಪ್ಪತ್ತು ಗಜ ಒಂದು ನರಪಿಳ್ಳೆ ಇಲ್ಲ. ಕೈ ಎತ್ಕೊಂಡು ನಿಂತಿದ್ದ. ಹಾಗೆ ನಿಂತವನ ಕಡೆ ಒಂದು ಸಲ ಎಸೆಯದೆ ಇರೋಕಾಗುತ್ತಾ?"

"ಎಸೆದದ್ದನ್ನ ಹಿಡೀಬೇಕಲ್ಲಪ್ಪ," ಎಂದ ಮರ್ಲ್.

"ಅಷ್ಟು ಹೊತ್ತು ಒಬ್ಬನೇ ನಿಂತವನಿಗೆ ಚೆಂಡು ಬಂದರೆ ಕೈ ನಡುಗುತ್ತೆ, ಮರ್ಲ್."

ಯಾರೋ ಹೌದಲ್ವಾ ಎಂದರು. ಬಡಿಸುವವಳು ಕೇಳದೆಯೇ ಕಾಫಿ ತುಂಬಿಸಿದಳು. ಎಲ್ಡನ್ ಆಟವನ್ನು ಮತ್ತೊಮ್ಮೆ ತೋರಿಸಿದ, ಈ ಸಲ ಸಕ್ಕರೆ ಪೊಟ್ಟಣಗಳನ್ನೂ ಸೇರಿಸಿಕೊಂಡು. ಅವನಿಗೆ ಅರವತ್ತೆಂಟು ವರ್ಷ. ಒಂದು ಮೇಜು ತುಂಬ ಜನ ತನ್ನ ಮಾತು ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಅವನು ಆ ಸುಖದಲ್ಲಿರುವಾಗ ಮರ್ಲ್ ಜೇಬಿನಿಂದ ಸೀಟು ಬಿಟ್ಟುಕೊಡುವ ಸಂಘದ ಕಾಗದ ತೆಗೆದು, ಸೀಟಿನದೊಂದು ಸಣ್ಣ ಕೆಲಸ ಇದೆ ಎಂದಾಗ, ಎಲ್ಡನ್ ನಿಜ ಹೇಳಲು ಹೊರಟ. ಹೇಳಿದರೆ ಎಂಟೂ ಮುಖ ನಗುತ್ತವೆ, ಆಮೇಲೆ ಬೇರೆ ಕಡೆ ತಿರುಗುತ್ತವೆ. ಒಂದು ಸೀಟಿಗೆ ರುಜು ಹಾಕಿದ.

"ಜೋಡಿ ಸೀಟು ಅಗಲಿಸಬಾರದಯ್ಯ," ಎಂದ ಮರ್ಲ್.

ಎರಡಕ್ಕೂ ಹಾಕಿದ. ಕಾಗದ ಜೇಬಿಗೆ ಹೋಯಿತು. ಮರ್ಲ್ ಗಡಿಯಾರ ನೋಡಿದ. ಒಬ್ಬನಿಗೆ ಅಂಗಳದ ಎಲೆ ಗುಡಿಸುವುದಿತ್ತು, ಒಬ್ಬನಿಗೆ ಹೆಂಡತಿ ಕಾಯುತ್ತಿದ್ದಳು. ಐದು ನಿಮಿಷದಲ್ಲಿ ದುಂಡುಮೇಜಿನಲ್ಲಿ ಎಂಟು ಖಾಲಿ ಲೋಟ, ಒಬ್ಬ ಎಲ್ಡನ್, ಅಂಚಿನಲ್ಲಿ ಕೆಚಪ್ ಬಾಟಲಿ.

ಸಾಕಪ್ಪ ಈ ನಾಟಕ, ಬೋರ್ಡು ಕಿತ್ತುಹಾಕಿ ನಿಜ ಹೇಳಿಬಿಡುತ್ತೇನೆ ಎಂದು ಮನೆಗೆ ಬಂದ. ಸಂಜೆಗತ್ತಲಾಗುತ್ತಿತ್ತು. ಅವನ ಅಂಗಳದಲ್ಲಿ ಕೋಚ್ ಟೆಲ್ಫರ್ ಬೋರ್ಡಿನ ಕಂಬ ಹಿಡಿದು ಅಲುಗಾಡಿಸುತ್ತಿದ್ದ.

"ಕ್ಷಮಿಸಿ, ಮಿಸ್ಟರ್ ಕ್ರೌಸ್. ಇದು ನನ್ನದು."

"ಗೊತ್ತು ಕೋಚ್. ಹುಡುಗರು ಬೇಲಿ ತಪ್ಪಿದ್ದಾರೆ."

"ಆ ಆರು ಹುಡುಗರವು. ಇದು ನಿಜವಾದದ್ದು," ಎಂದ ಟೆಲ್ಫರ್ ದನಿ ತಗ್ಗಿಸಿ. ಹದಿನೈದು ದಿನದ ಹಿಂದೆಯೇ ಮನೆ ಮಾರುವ ಕೆಲಸ ಒಬ್ಬಳು ಏಜೆಂಟಿಗೆ ಒಪ್ಪಿಸಿದ್ದನಂತೆ. ತಂಡ ಯಾವತ್ತು ಸೋತು ಹೊರಬೀಳುತ್ತದೋ ಅದರ ಮರುದಿನ ಬೋರ್ಡು ನೆಡು ಎಂದಿದ್ದನಂತೆ. ಅವಳು ಪರ ಊರಿನವಳು. ಬೆಳಿಗ್ಗೆ ಬಂದು ನೋಡಿದರೆ ಒಂದು ಅಂಗಳದಲ್ಲಿ ಆಗಲೇ ಆರು ಬೋರ್ಡು. ಅದು ಬೇರೆ ಏಜೆಂಟರ ಕೈಗೆ ಹೋದ ಮನೆ, ಖಾಲಿ ಇರುವುದೇ ತನ್ನದು ಎಂದುಕೊಂಡು ನೆಟ್ಟುಹೋಗಿದ್ದಳು.

"ಹಾಗಾದರೆ ಆ ಆಟ..." ಎಂದ ಎಲ್ಡನ್.

"ಗೆದ್ದರೂ ಸೋತರೂ ಹೊರಡೋನೇ. ಇಂಡಿಯಾನಾದಲ್ಲಿ ಅಣ್ಣನ ಟೈರ್ ಅಂಗಡಿ ಇದೆ. ಹನ್ನೊಂದು ವರ್ಷದಿಂದ ಆ ಎಸೆಯೋ ಆಟ ಆಡಿಸಬೇಕು ಅಂತಿತ್ತು, ಧೈರ್ಯ ಇರಲಿಲ್ಲ. ನಿನ್ನೆ ಇತ್ತು." ಕಂಬ ಹೆಗಲಿಗೇರಿಸಿದ. "ಸೋಮವಾರ ಶಾಲೆಯವರಿಗೆ ಹೇಳ್ತೀನಿ. ಅಲ್ಲೀವರೆಗೆ ಯಾರಿಗೂ ಹೇಳಬೇಡಿ."

ಎಲ್ಡನ್‌ಗೆ ನಗು ಬಂತು. ಇಡೀ ಊರು ಬೆಳಿಗ್ಗೆಯಿಂದ ಕಚ್ಚಾಡುತ್ತಿದ್ದ ಪ್ರಶ್ನೆಯ ಉತ್ತರ ಅವನೊಬ್ಬನ ಹತ್ತಿರ ಇತ್ತು, ಹೇಳುವ ಹಾಗಿರಲಿಲ್ಲ. ಟೆಲ್ಫರ್ ತನ್ನ ಅಂಗಳದಲ್ಲಿ ಆ ಬೋರ್ಡನ್ನು ಆರರ ನಡುವೆ ನೆಟ್ಟ. ಇನ್ನು ಅದನ್ನು ಯಾರೂ ನಂಬುವುದಿಲ್ಲ.

ಒಳಗೆ ಬಂದು ಮರ್ಲ್‌ಗೆ ಫೋನ್ ಮಾಡಿದ. ಮನಸ್ಸು ಬದಲಾಯಿತು, ಮನೆ ಮಾರುವುದಿಲ್ಲ, ಇಲ್ಲೇ ಇರುತ್ತೇನೆ ಎಂದ.

"ಬಹಳ ಸಂತೋಷ ಕಣಯ್ಯ," ಎಂದ ಮರ್ಲ್. ಆ ಕಡೆಯಿಂದ ಪುಟ ತಿರುವುವ ಸದ್ದು. "ಸೀಟು ಈಗ ನನ್ನ ಅಳಿಯನ ಹೆಸರಿಗೆ ಹೋಗಿದೆ. ನಿನ್ನ ಹೆಸರು ಕಾಯುವ ಪಟ್ಟಿಗೆ ಬರೀತೀನಿ. ನೀನು ಅರವತ್ತನಾಲ್ಕನೆಯವನು. ಒಂದು ಸೀಟೋ, ಎರಡೋ?"

"ಎರಡು," ಎಂದ ಎಲ್ಡನ್.

ಡಾಟ್ ತಂದದ್ದನ್ನು ನಿಂತೇ ತಿಂದ. ಮಾರ್ಲಿಸ್ ಹೋದಾಗ ಬಂದ ಅಡುಗೆಯೆಲ್ಲ ಗಾಜಿನ ಪಾತ್ರೆಗಳಲ್ಲಿ ಬಂದಿತ್ತು, ತಳದಲ್ಲಿ ಅಂಟುಪಟ್ಟಿಯ ಮೇಲೆ ಮನೆಯವರ ಹೆಸರು. ತೊಳೆದು ಒಂದೊಂದಾಗಿ ವಾಪಸು ಕೊಡಲು ಅವನಿಗೆ ಮೂರು ವಾರ ಹಿಡಿದಿತ್ತು. ಬೇಕೆಂದೇ ನಿಧಾನ ಮಾಡಿದ್ದ. ಇವತ್ತಿನದು ತಗಡಿನ ತೆಳು ತಟ್ಟೆ, ತಿಂದು ಎಸೆಯುವಂಥದು. ಊರು ಬಿಡುವವರಿಗೆ ಯಾರೂ ಒಳ್ಳೆಯ ಪಾತ್ರೆಯಲ್ಲಿ ಕೊಡುವುದಿಲ್ಲ.

ಎಲ್ಡನ್ ಅದನ್ನು ಸೋಪು ಹಾಕಿ ತೊಳೆದ. ನೆಗ್ಗಿದ ಅಂಚುಗಳನ್ನು ಹೆಬ್ಬೆರಳಿನಿಂದ ನೆಟ್ಟಗೆ ಮಾಡಿದ. ಡ್ರಾಯರಿನಿಂದ ಅಂಟುಪಟ್ಟಿ ಹುಡುಕಿ ಒಂದು ಚೂರು ಹರಿದು, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಡಾಟ್ ವೆಲ್ಟರ್' ಎಂದು ಬರೆದು, ತಟ್ಟೆಯ ತಳಕ್ಕೆ ಅಂಟಿಸಿದ.